ಗರ್ಭಧಾರಣೆಯೂ ಮನೋರೋಗದ ಔಷಧಗಳೂ: ತಿಳಿವಳಿಕೆಯ ಪ್ರಶ್ನೆ

ಮನೋರೋಗಗಳ ಚಿಕಿತ್ಸೆಯಲ್ಲಿ ಔಷಧಗಳಿಗಿರುವ ಸ್ಥಾನವನ್ನು ಇಲ್ಲಿ ವಿಸ್ತರಿಸಿ ಹೇಳಬೇಕಾದ ಅಗತ್ಯವಿಲ್ಲ. ಹಿಂದೆ ವರ್ಷಗಟ್ಟಲೆ ಆಸ್ಪತ್ರೆಯ ಗೋಡೆಗಳ ನಡುವೆ ಕಳೆಯಬೇಕಾಗಿದ್ದ ಅನೇಕರು ಇಂದು ಮನೆಯಲ್ಲಿದ್ದು ವ್ಯಾಸಂಗ, ಉದ್ಯೋಗ, ಸಂಸಾರಗಳನ್ನು ನಡೆಸುತ್ತಿದ್ದಾರೆ. ತಾಯಿಯಾಗುವ ವಯಸ್ಸಿನ ಸ್ತ್ರೀಯರೂ ಇವರಲ್ಲಿ ಸೇರಿದ್ದಾರೆ. ಹೀಗಿರಲು, ತಾನು ಸೇವಿಸುವ ಔಷಧವು ಹುಟ್ಟಲಿರುವ ಮಗುವಿಗೆ ಏನು ಮಾಡಬಲ್ಲುದೆಂಬುದು ಆಕೆಗೆ ತಿಳಿದಿದೆಯೆ? ತಿಳಿದಿದ್ದರೆ ಯಾವಾಗ, ಎಷ್ಟರ ಮಟ್ಟಿಗೆ ತಿಳಿಯಿತು? ವಾಲ್ಪ್ರೊಯೇಟ್ ಎಂಬ ಔಷಧದ ಇತಿಹಾಸವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ವಾಲ್ಪ್ರೊಯಿಕ್ ಆಮ್ಲವು ಬಹುಕಾಲ ಪ್ರಯೋಗಶಾಲೆಗಳಲ್ಲಿ ಇತರ ವಸ್ತುಗಳನ್ನು ಕರಗಿಸುವ ದ್ರಾವಕವಾಗಿ ಮಾತ್ರ ಬಳಕೆಯಲ್ಲಿದ್ದಿತು. ೧೯೬೦ರ ದಶಕದ ಆದಿಯಲ್ಲಿ ಫ್ರಾನ್ಸಿನ ಸಂಶೋಧಕರು ಬೇರೆ ವಸ್ತುಗಳನ್ನು ಅದರಲ್ಲಿ ಕರಗಿಸಿ ಪರೀಕ್ಷಿಸುತ್ತಿದ್ದಾಗ, ಸೆಳವನ್ನು ತಡೆಯುತ್ತಿದ್ದುದು ಆ ವಸ್ತುಗಳಲ್ಲ, ದ್ರಾವಕವೇ ಎಂಬುದು ಆಕಸ್ಮಿಕವಾಗಿ ಬೆಳಕಿಗೆ ಬಂದಿತು. ೧೯೬೭ರಲ್ಲಿ ಅದು ಅಪಸ್ಮಾರದ ಔಷಧವಾಗಿ ಫ್ರಾನ್ಸಿನಲ್ಲಿ ಬಳಕೆಗೆ ಬಂದಿತು. ಮುಂದೆ, ಉನ್ಮಾದವೂ ಖಿನ್ನತೆಯೂ ಸರದಿಯಾಗಿ ಬರುವ ಬೈಪೋಲಾರ್ ಕಾಯಿಲೆಗೂ ಅದನ್ನು ಕೊಡುವುದು ರೂಢಿಯಾಯಿತು. ಔಷಧವು ಗುಣಕಾರಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ೧೯೮೨ರಲ್ಲಿ ಫ್ರಾನ್ಸಿನ ಲಿಯೋನ್ ನಗರದಿಂದ, ಗರ್ಭಾವಸ್ಥೆಯಲ್ಲಿ ಇದನ್ನು ಸೇವಿಸಿದ ತಾಯಂದಿರ ಮಕ್ಕಳಲ್ಲಿ ಬೆನ್ನುಹುರಿಯ ಸುತ್ತಲಿನ ಎಲುಬು ಪೂರ್ತಿಯಾಗಿ ಕೂಡಿಕೊಳ್ಳದ ಸ್ಪೈನಾ ಬೈಫಿಡಾ ಎಂಬ ವೈಕಲ್ಯವು ಹೆಚ್ಚಾಗಿ ಕಂಡುಬರುತ್ತದೆಂಬ ವರದಿ ಹೊರಟಿತು.

ಇಂದು ದೊರೆತಿರುವ ಅಂಕಿಗಳು ಇನ್ನೂ ಸ್ಪಷ್ಟವಾಗಿವೆ. ಸಾಮಾನ್ಯವಾಗಿ ನೂರು ಶಿಶುಗಳಲ್ಲಿ ಎರಡು ಮೂರು ಶಿಶುಗಳಿಗೆ ಗಂಭೀರವಾದ ಜನ್ಮವೈಕಲ್ಯವಿರುತ್ತದೆ. ವಾಲ್ಪ್ರೊಯೇಟ್ ಸೇವಿಸಿದವರಲ್ಲಿ ಆ ಸಂಖ್ಯೆ ಸುಮಾರು ಹತ್ತು. ಔಷಧದ ಪ್ರಮಾಣ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ದೇಹವು ಸರಿಯಾಗಿದ್ದರೂ ಮಾತು, ನಡೆ, ಕಲಿಕೆಗಳಲ್ಲಿ ಹಿಂದುಳಿಯುವ ಮಕ್ಕಳು ನೂರಕ್ಕೆ ಮೂವತ್ತರಿಂದ ನಲವತ್ತು. ಅಮೆರಿಕ ಮತ್ತು ಬ್ರಿಟನ್ನುಗಳಲ್ಲಿ ನಡೆದು ೨೦೦೯ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಥ ಮಕ್ಕಳ ಬುದ್ಧಿಸೂಚ್ಯಂಕವು ಮೂರನೆಯ ವಯಸ್ಸಿನಲ್ಲಿ, ಲ್ಯಾಮೊಟ್ರಿಜಿನ್ ಎಂಬ ಇನ್ನೊಂದು ಔಷಧವನ್ನು ಸೇವಿಸಿದವರ ಮಕ್ಕಳಿಗಿಂತ ಸರಾಸರಿ ಒಂಬತ್ತು ಅಂಕ ಕಡಿಮೆಯಾಗಿದ್ದಿತು.

ತಿಳಿವಳಿಕೆಯು ಯಾವಾಗ ದೊರೆಯಬೇಕೆಂಬ ಪ್ರಶ್ನೆಗೆ ಭ್ರೂಣಶಾಸ್ತ್ರವೇ ಉತ್ತರವೀಯುತ್ತದೆ. ಮುಂದೆ ಮಿದುಳೂ ಬೆನ್ನುಹುರಿಯೂ ಆಗಬೇಕಾದ ನರನಾಳವು ಗರ್ಭಾಂಕುರವಾದ ಸುಮಾರು ೨೮ ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆ ವೇಳೆಗೆ ಮುಟ್ಟು ತಪ್ಪಿ ಎರಡು ವಾರವಷ್ಟೇ ಆಗಿರುತ್ತದೆ. ತಾನು ಗರ್ಭಿಣಿಯೆಂಬುದೇ ಎಷ್ಟೋ ಮಂದಿಗೆ ಖಚಿತವಾಗಿರುವುದಿಲ್ಲ. ಮೂರನೆಯ ತಿಂಗಳಿನಲ್ಲಿ ವೈದ್ಯರು ಎಚ್ಚರಿಕೆ ಹೇಳಿದರೆ, ಈ ವೈಕಲ್ಯದ ಮಟ್ಟಿಗೆ ಅದು ಕಾಲ ಮೀರಿ ಬಂದ ಮಾತು. ಆದುದರಿಂದ ಔಷಧವನ್ನು ಬರೆದುಕೊಡುವ ದಿನದಂದೇ, ಗರ್ಭದ ಯೋಚನೆ ಆಕೆಗೆ ಇರಲಿ ಇಲ್ಲದಿರಲಿ, ವಿಷಯವನ್ನು ತಿಳಿಸತಕ್ಕದ್ದು.

ಆದರೆ ನಡೆದುದೇನು? ೧೯೭೩ರಲ್ಲಿ, ಪ್ರಾಣಿಗಳ ಮೇಲಿನ ಪ್ರಯೋಗಗಳಿಂದಲೇ ಅಪಾಯದ ಸೂಚನೆ ದೊರೆತಿದ್ದಾಗ, ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿಯು ಎಚ್ಚರಿಕೆಯನ್ನು ವೈದ್ಯರಿಗೆ ತಿಳಿಸಿದರೆ ಸಾಕು, ರೋಗಿಗಳ ಕಣ್ಣಿಗೆ ಬೀಳುವ ಪತ್ರದಲ್ಲಿ ಅದು ಬೇಡ, ವೃಥಾ ಆತಂಕ ಉಂಟಾದೀತು ಎಂದು ಭಾವಿಸಿತು. ಹಿತಬುದ್ಧಿಯಿಂದಲೇ ಹುಟ್ಟಿದ ಈ ಮೌನದ ಬೆಲೆಯನ್ನು ತೆತ್ತವರು ತಾಯಂದಿರೂ ಮಕ್ಕಳೂ. ೨೦೧೭ರಲ್ಲಿ ಬ್ರಿಟನ್ನಿನ ಅಪಸ್ಮಾರ ಸೇವಾಸಂಸ್ಥೆಗಳು ವಿಚಾರಿಸಿದಾಗಲೂ, ಈ ಔಷಧವನ್ನು ಸೇವಿಸುತ್ತಿದ್ದ ಸ್ತ್ರೀಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅಪಾಯದ ಅರಿವೇ ಇರಲಿಲ್ಲ. ೨೦೧೮ರಲ್ಲಿ ಯೂರೋಪಿನ ಔಷಧ ನಿಯಂತ್ರಕರು ಬಿಗಿಯಾದ ನಿಬಂಧನೆಗಳನ್ನು ತಂದರು: ಬೈಪೋಲಾರ್ ಕಾಯಿಲೆಗಾಗಿ ಗರ್ಭಿಣಿಯರಿಗೆ ಇದನ್ನು ಕೊಡಲಾಗದು; ಗರ್ಭಧರಿಸಬಲ್ಲ ಸ್ತ್ರೀಯರಿಗೆ ಕೊಡುವುದಾದರೆ ಗರ್ಭನಿರೋಧದ ಏರ್ಪಾಡು ಇರಬೇಕು; ಪೊಟ್ಟಣದ ಮೇಲೆ ಎಚ್ಚರಿಕೆಯ ಚಿಹ್ನೆ ಇರಬೇಕು. ಗರ್ಭಧರಿಸಬಲ್ಲ ಬಾಲಿಕೆಯರಿಗೂ ಸ್ತ್ರೀಯರಿಗೂ ಇದನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸಲಹೆಯಿತ್ತಿತು.

ಇಷ್ಟನ್ನು ಓದಿದವರು ಮನೋರೋಗದ ಔಷಧಗಳೆಲ್ಲವೂ ಗರ್ಭಕ್ಕೆ ವಿಷವೆಂದು ತೀರ್ಮಾನಿಸಿದರೆ ಅದು ಇನ್ನೊಂದು ಅಜ್ಞಾನವಾದೀತು. ಲಿಥಿಯಂ ಇದಕ್ಕೆ ನಿದರ್ಶನ. ಅದು ಶಿಶುವಿನ ಹೃದಯಕ್ಕೆ ಅತಿ ಭಯಂಕರವೆಂದು ೧೯೭೦ರ ದಶಕದಲ್ಲಿ ನಂಬಲಾಗಿದ್ದಿತು. ೨೦೧೭ರಲ್ಲಿ ಅಮೆರಿಕದಿಂದ ಪ್ರಕಟವಾದ ದೊಡ್ಡ ಅಧ್ಯಯನದಂತೆ, ಲಿಥಿಯಂ ಸೇವಿಸಿದವರ ಮಕ್ಕಳಲ್ಲಿ ಹೃದಯದ ವೈಕಲ್ಯ ನೂರಕ್ಕೆ ೨.೪, ಸೇವಿಸದವರಲ್ಲಿ ೧.೨ರಷ್ಟು. ಅಪಾಯವು ನಿಜ, ಆದರೆ ಅಂದು ಭಾವಿಸಿದ್ದಕ್ಕಿಂತ ಬಹಳ ಕಡಿಮೆ. ಅತ್ತ, ಬೈಪೋಲಾರ್ ಕಾಯಿಲೆಯ ಸ್ತ್ರೀಯರನ್ನು ಕುರಿತು ೨೦೦೭ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಔಷಧವನ್ನು ನಿಲ್ಲಿಸಿದವರ ಪೈಕಿ ನೂರಕ್ಕೆ ಸುಮಾರು ೮೬ ಮಂದಿಗೆ ಗರ್ಭಾವಸ್ಥೆಯಲ್ಲಿಯೇ ರೋಗ ಮರುಕಳಿಸಿತು. ಮುಂದುವರಿಸಿದವರಲ್ಲಿ ಅದು ೩೭. ಊಟ ನಿದ್ರೆಗಳನ್ನು ತೊರೆದ, ಪ್ರಾಣಕ್ಕೇ ಎರವಾಗಬಹುದಾದ ತಾಯಿಯ ಸ್ಥಿತಿಯಿಂದ ಶಿಶುವಿಗೂ ಹಾನಿಯೇ. ಅಪಾಯವು ಎರಡು ಕಡೆಗೂ ಇರುವಾಗ ಒಂದನ್ನೇ ಹೇಳುವುದು ತಿಳಿವಳಿಕೆ ಕೊಟ್ಟಂತಾಗಲಾರದು.

ನಮ್ಮ ನಾಡಿನ ಸ್ಥಿತಿಯಲ್ಲಿ ಕೆಲವು ವಿಶೇಷ ತೊಡಕುಗಳಿವೆ. ಅಂಗಡಿಯಲ್ಲಿ ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಬೇಕಾದಷ್ಟೇ ಕೊಡುವಾಗ ಎಚ್ಚರಿಕೆಯ ಪತ್ರ ಕೈಸೇರುವುದಿಲ್ಲ. ಸೇರಿದರೂ ಅದರ ಭಾಷೆ ಇಂಗ್ಲಿಷು. ಮಗಳ ಕಾಯಿಲೆಯನ್ನು ಬೀಗರಿಂದ ಮರೆಮಾಚಿ ಮದುವೆ ಮಾಡುವ ಮನೆಗಳಲ್ಲಿ, ಅತ್ತೆಮನೆಗೆ ಬಂದವಳು ಮಾತ್ರೆಯನ್ನು ಗುಟ್ಟಾಗಿ ನುಂಗುತ್ತಾಳೆ, ಇಲ್ಲವೆ ಒಮ್ಮೆಲೇ ನಿಲ್ಲಿಸಿಬಿಡುತ್ತಾಳೆ. ಎರಡೂ ಅಪಾಯಕರ. ಆದರೂ ನೆರವು ಇಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವು ೨೦೦೯ರಲ್ಲಿ ಆರಂಭವಾಯಿತು. ಗರ್ಭಧಾರಣೆಗೆ ಮುಂಚೆಯೇ ಸಮಾಲೋಚಿಸಲು ಬಯಸುವವರಿಗೂ ಮನೋವೈದ್ಯರು ಸಲಹೆ ಕೊಡಬಲ್ಲರು.

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ತಿಳಿವಳಿಕೆಯು ಗರ್ಭಕ್ಕೆ ಮುಂಚೆಯೇ ಬರಬೇಕು. ಔಷಧದ ಅಪಾಯವನ್ನೂ ರೋಗದ ಅಪಾಯವನ್ನೂ ಜೊತೆಯಾಗಿ ಹೇಳಬೇಕು. ಅದು ವೈದ್ಯರ ಕಡತದಲ್ಲಿ ಉಳಿಯದೆ, ಔಷಧ ನುಂಗುವವಳಿಗೆ ಅವಳ ಭಾಷೆಯಲ್ಲಿಯೇ ತಲುಪಬೇಕು. ವೈದ್ಯರನ್ನು ಕೇಳದೆ ತಾನಾಗಿಯೇ ಔಷಧವನ್ನು ನಿಲ್ಲಿಸಕೂಡದೆಂಬುದನ್ನೂ ಇದರೊಡನೆ ಸೇರಿಸಿ ಹೇಳತಕ್ಕದ್ದು. ಮನೋರೋಗದ ಲಕ್ಷಣಗಳು ಹಲವರಲ್ಲಿ ಮೊದಲು ತೋರುವುದು ಕಾಲೇಜಿನ ವಯಸ್ಸಿನಲ್ಲಿಯೇ. ಈ ಕಾರಣದಿಂದ ಅಧ್ಯಾಪಕರಿಗೂ ವಿದ್ಯಾರ್ಥಿನಿಯರಿಗೂ ಈ ವಿಷಯವು ದೂರದ್ದಲ್ಲವೆಂದು ನಾವು ಭಾವಿಸುತ್ತೇವೆ. ರೋಗಿಯು ಹೆದರಿಯಾಳೆಂದು ೧೯೭೩ರಲ್ಲಿ ಮುಚ್ಚಿಟ್ಟ ಮಾತನ್ನು ಇಂದು ನಾಚಿಕೆಯ ಕಾರಣದಿಂದ ನಾವೇ ಮುಚ್ಚಿಟ್ಟರೆ ಫಲವು ಬೇರೆಯಾಗಲಾರದು.