ಚಿಂಕಾರ ತಡೆಯುವ ಬೇಲಿ: ಬೆಳೆಯೂ ಉಳಿಯಲಿ, ಜೀವವೂ ಉಳಿಯಲಿ

ರನ್ನ ಬೆಳಗಲಿ (ಬಾಗಲಕೋಟೆ ಜಿಲ್ಲೆ): ಕವಿಚಕ್ರವರ್ತಿ ರನ್ನನ ಹುಟ್ಟೂರನ್ನು ಒಡಲಲ್ಲಿಟ್ಟುಕೊಂಡ ಮುಧೋಳ ತಾಲ್ಲೂಕು ನಾಡಿಗೆ ಪರಿಚಿತವಾಗಿರುವುದು ಕಬ್ಬು ಮತ್ತು ಬೇಟೆನಾಯಿಗಳಿಂದ. ಈ ತಾಲ್ಲೂಕು ಹಾಗೂ ನೆರೆಯ ಬೀಳಗಿ ತಾಲ್ಲೂಕಿನ ಕುರುಚಲು ಕಾಡು ಚಿಂಕಾರಗಳ ನೆಲೆಯೂ ಹೌದು. ಸುಮಾರು 96 ಚದರ ಕಿ.ಮೀ. ವಿಸ್ತಾರದ ಈ ಪ್ರದೇಶವನ್ನು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಧಾಮದ ಗಡಿರೇಖೆ ನಕಾಶೆಯಲ್ಲಿ ಮಾತ್ರ ಇರುತ್ತದೆ. ಎಳೆಯ ಚಿಗುರು ಕಂಡಲ್ಲಿ ಪ್ರಾಣಿ ಬಾಯಿ ಹಾಕುವುದು ಸಹಜ. ಆದ್ದರಿಂದ ಕಾಡಂಚಿನ ಹೊಲ, ತೋಟ, ಹಿತ್ತಲುಗಳಿಗೆ ಬೇಲಿ ಬೇಕೇ ಎಂಬ ಪ್ರಶ್ನೆಗಿಂತ ಎಂತಹ ಬೇಲಿ ಬೇಕು ಎಂಬ ಪ್ರಶ್ನೆ ಮುಖ್ಯವಾಗಿದೆ.

ಜಿಂಕೆಯಂತಿದ್ದರೂ ಜಿಂಕೆಯಲ್ಲ

ಚಿಂಕಾರವನ್ನು ಜನ ಜಿಂಕೆ ಎಂದೇ ಕರೆದರೂ ಅದು ಹುಲ್ಲೆಯ ಜಾತಿಗೆ ಸೇರಿದ್ದು. ಜಿಂಕೆಯ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಚಿಂಕಾರದ ಕೊಂಬು ಉದುರುವುದಿಲ್ಲ. ಭುಜದ ಎತ್ತರ ಸುಮಾರು ಎರಡು ಅಡಿ. ಕೃಷ್ಣಮೃಗದಂತೆ ಇದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಇದನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸದ ಜೊತೆಗೆ ದಂಡವೂ ಉಂಟು. ಕಾನೂನಿನ ದೃಷ್ಟಿಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ; ಉರುಳು ಹಾಕುವುದು, ವಿಷವಿಡುವುದು, ನಾಯಿ ಬಿಟ್ಟು ಬೆನ್ನಟ್ಟಿ ಹಿಡಿಯಲು ಯತ್ನಿಸುವುದು ಕೂಡ ಬೇಟೆಯೇ.

ಸಾವು ತರುವ ತಂತಿ

ಬೆಳೆ ಉಳಿಸುವ ಆತುರದಲ್ಲಿ ಪಂಪ್‌ಸೆಟ್ಟಿನ ವಿದ್ಯುತ್ತನ್ನೇ ನೇರವಾಗಿ ಬೇಲಿಗೆ ಹರಿಸುವ ಅಪಾಯಕಾರಿ ಪದ್ಧತಿ ರಾಜ್ಯದ ಹಲವೆಡೆ ಕಂಡುಬಂದಿದೆ. 230 ವೋಲ್ಟ್‌ನ ಈ ವಿದ್ಯುತ್ ಎಡೆಬಿಡದೆ ಹರಿಯುವುದರಿಂದ ಸ್ನಾಯುಗಳು ಸೆಟೆದುಕೊಂಡು, ಹಿಡಿದ ತಂತಿಯನ್ನು ಬಿಡಲಾಗುವುದಿಲ್ಲ, ಹೃದಯ ಸ್ತಬ್ಧವಾಗಬಹುದು. ಕತ್ತಲಲ್ಲಿ ಆ ತಂತಿಗೆ ಪ್ರಾಣಿಯೇ ತಾಗಬೇಕೆಂದಿಲ್ಲ. ರಾತ್ರಿ ಪಾಳಿಯ ತ್ರೀಫೇಸ್ ವಿದ್ಯುತ್ ಬಂದಾಗ ನೀರು ಹಾಯಿಸಲು ಹೊರಟ ರೈತ, ಪಕ್ಕದ ಹೊಲದ ಕೂಲಿಕಾರ ಅಥವಾ ಮನೆಯ ಮಗುವೇ ಬಲಿಯಾಗಬಹುದು. ಸಾವು ಸಂಭವಿಸಿದರೆ ಬೇಲಿ ಹಾಕಿದವರು ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಗುತ್ತದೆ.

ಸೌರಬೇಲಿಯ ಮರ್ಮ

ಸೌರಬೇಲಿಯಲ್ಲಿಯೂ ವಿದ್ಯುತ್ ಇದೆ. ಆದರೆ ಹರಿಯುವ ಬಗೆ ಬೇರೆ. ಸೌರಫಲಕದಿಂದ ತುಂಬಿದ ಬ್ಯಾಟರಿಯ ಶಕ್ತಿಯನ್ನು ಎನರ್ಜೈಸರ್ ಎಂಬ ಉಪಕರಣ ಸಾವಿರಾರು ವೋಲ್ಟ್‌ಗಳ ಮಿಡಿತವಾಗಿ ತಂತಿಗೆ ಕಳುಹಿಸುತ್ತದೆ. ಪ್ರತಿ ಮಿಡಿತ ಸೆಕೆಂಡಿನ ಅತ್ಯಲ್ಪ ಭಾಗದಷ್ಟೇ ಇದ್ದು, ಎರಡು ಮಿಡಿತಗಳ ನಡುವೆ ಸುಮಾರು ಒಂದು ಸೆಕೆಂಡಿನ ಬಿಡುವು ಇರುತ್ತದೆ. ಪ್ರಾಣಿಗೆ ಚುರುಕು ಮುಟ್ಟುತ್ತದೆ, ಹಿಂದೆ ಸರಿಯಲು ಅವಕಾಶವೂ ಸಿಗುತ್ತದೆ. ಹೀಗಾಗಿ ಮಾನಕಕ್ಕೆ ಅನುಗುಣವಾದ ಎನರ್ಜೈಸರ್ ಇಲ್ಲದೆ ಸೌರಬೇಲಿ ಹಾಕುವುದು ಸಲ್ಲದು.

ಭೂಸ್ಪರ್ಶವೂ ಅಷ್ಟೇ ಮುಖ್ಯ. ಪ್ರಾಣಿಯ ಮೈಮೂಲಕ ನೆಲಕ್ಕಿಳಿದ ಮಿಡಿತ ಅರ್ಥಿಂಗ್ ಸರಳಿನ ಮೂಲಕ ಉಪಕರಣಕ್ಕೆ ಮರಳಿದರೆ ಮಾತ್ರ ಪೆಟ್ಟು ತಗಲುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರಿಯುವ ಎರೆಭೂಮಿಯಲ್ಲಿ ಇದು ಕಷ್ಟ. ಆದಕಾರಣ ವಿದ್ಯುತ್ ಹರಿಯುವ ತಂತಿ ಒಂದಾದರೆ ಭೂಸ್ಪರ್ಶದ ತಂತಿ ಇನ್ನೊಂದರಂತೆ ಜೋಡಿಸುವುದು, ಸರಳುಗಳ ಬುಡಕ್ಕೆ ನೀರು ಹಾಕುವುದು ಸೂಕ್ತ. ಮಳೆಗಾಲದಲ್ಲಿ ತಂತಿಗೆ ತಾಗುವ ಕಳೆಯನ್ನು ಕೀಳದಿದ್ದರೆ ಶಕ್ತಿಯೆಲ್ಲ ಹುಲ್ಲಿನ ಮೂಲಕ ಸೋರಿಹೋಗುತ್ತದೆ.

ಎತ್ತರವೆಷ್ಟು?

ಚುಕ್ಕೆ ಜಿಂಕೆ, ಕಡವೆಗಳ ಕಾಟವಿರುವಲ್ಲಿ ಎಂಟು ಅಡಿ ಎತ್ತರದ ಜಾಲರಿ ಬೇಕೆನ್ನುವುದು ಸಾಮಾನ್ಯ ಲೆಕ್ಕಾಚಾರ. ಬಯಲುಸೀಮೆಯ ಸಣ್ಣ ಹುಲ್ಲೆಗಳಿಗೆ ಎತ್ತರದಷ್ಟೇ ಕೆಳಗಿನ ಸಂದಿಯನ್ನೂ ಗಮನಿಸಬೇಕು. ತಂತಿ ನೆಲದಿಂದ ಮೇಲಿದ್ದಷ್ಟೂ ನುಸುಳುವುದು ಸುಲಭ. ಹಿತ್ತಲು ಹಾಗೂ ತರಕಾರಿ ಮಡಿಗಳಿಗೆ ನೆಲಕ್ಕೆ ತಾಗುವ ಚೈನ್‌ಲಿಂಕ್ ಜಾಲರಿ ಉತ್ತಮ. ಮುಳ್ಳುತಂತಿ ಓಡುವ ಪ್ರಾಣಿಯ ಮೈ ಸೀಳುತ್ತದೆ. ತಂತಿಗೆ ಬಟ್ಟೆಯ ತುಂಡು ಕಟ್ಟಿದರೆ ಪ್ರಾಣಿಗೆ ಬೇಲಿ ದೂರದಿಂದಲೇ ಕಾಣುತ್ತದೆ. ಹೊಲದ ಸುತ್ತ ಹಳೆಯ ಸೀರೆ ಕಟ್ಟುವ ರೈತರ ಉಪಾಯದ ತಿರುಳೂ ಇದೇ. ಆದರೆ ಪ್ರಾಣಿ ಅದಕ್ಕೆ ಒಗ್ಗಿಕೊಂಡ ಮೇಲೆ ಉಪಯೋಗ ಕಡಿಮೆ. ಕತ್ತಾಳೆ, ಕಳ್ಳಿಯ ಜೀವಂತ ಬೇಲಿಗೆ ಖರ್ಚು ಅಲ್ಪ, ಆದರೆ ದಟ್ಟವಾಗಲು ವರ್ಷಗಳು ಬೇಕು.

ದಾರಿ ಬಿಡುವುದು ಅಗತ್ಯ

ಒಬ್ಬ ರೈತ ಬೇಲಿ ಹಾಕಿದರೆ ಹಿಂಡು ಪಕ್ಕದವನ ಹೊಲಕ್ಕೆ ನುಗ್ಗುತ್ತದೆ. ಎಲ್ಲರೂ ಹಾಕಿದರೆ ಪ್ರಾಣಿಗಳ ಓಡಾಟದ ಹಾದಿಯೇ ಮುಚ್ಚಿಹೋಗುತ್ತದೆ. ಆದ್ದರಿಂದ ಇಡೀ ಜಮೀನಿಗಿಂತ ಸಸಿಮಡಿ, ಎಳೆಯ ಬೆಳೆ, ತರಕಾರಿಗಳಿಗೆ ಆದ್ಯತೆ ನೀಡುವುದು, ಅಕ್ಕಪಕ್ಕದ ರೈತರು ಕೂಡಿ ಹಳ್ಳ, ಬೀಳುಭೂಮಿಯ ಗುಂಟ ದಾರಿ ಬಿಡುವುದು ವಿವೇಕದ ಕ್ರಮ. ಕೆಲಸ ಆರಂಭಿಸುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ನಿಯಮ ಹಾಗೂ ಸಹಾಯಧನದ ಬಗ್ಗೆ ವಿಚಾರಿಸಬೇಕು. ಸೌರಬೇಲಿಯಲ್ಲಿ ಎಲ್ಲರಿಗೂ ಕಾಣುವಂತೆ ಕನ್ನಡದ ಎಚ್ಚರಿಕೆ ಫಲಕ ತೂಗುಹಾಕುವುದನ್ನು ಮರೆಯಬಾರದು.