ನಿಮಗಿದು ಗೊತ್ತೇ? ಪುಟ್ಟ ‘ಬೆಂಗಾಲ್’ ಕಾದಾಡಿದ ದಿನ

★ ‘ಬೆಂಗಾಲ್’ ಎಂಬ ಬೆಂಗಾವಲು ಹಡಗು ತಯಾರಾಗಿದ್ದು ಬಂಗಾಳದಲ್ಲಲ್ಲ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ! ಕಾಕಟೂ ದ್ವೀಪದ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ ಇದು 1942ರ ಆಗಸ್ಟ್‌ನಲ್ಲಿ ಅಂದಿನ ರಾಯಲ್ ಇಂಡಿಯನ್ ನೇವಿಗೆ ಸೇರಿತು.

★ ಆಸ್ಟ್ರೇಲಿಯಾ ಕಟ್ಟಿದ ಬ್ಯಾಥರ್ಸ್ಟ್ ವರ್ಗದ 60 ಹಡಗುಗಳಲ್ಲಿ ಭಾರತಕ್ಕೆ ಬಂದವು ನಾಲ್ಕು: ಬೆಂಗಾಲ್, ಬಾಂಬೆ, ಮದ್ರಾಸ್, ಪಂಜಾಬ್. ಉದ್ದ ಸುಮಾರು 57 ಮೀಟರ್, ಅಷ್ಟೇ.

★ 1942ರ ನವೆಂಬರ್ 11ರಂದು ಡಚ್ ತೈಲ ಹಡಗು ‘ಒಂಡಿನಾ’ಕ್ಕೆ ಕಾವಲಾಗಿ ಹಿಂದೂ ಮಹಾಸಾಗರದಲ್ಲಿ ಸಾಗುತ್ತಿದ್ದಾಗ ಜಪಾನಿನ ‘ಹೊಕೊಕು ಮಾರು’ ಮತ್ತು ‘ಐಕೊಕು ಮಾರು’ ಎದುರಾದವು. ಒಂದೊಂದೂ 10,000 ಟನ್ ಮೀರಿದ ದೈತ್ಯ!

★ ಜಪಾನೀಯರ ಬಳಿ ಸಾಲು ಸಾಲು 5.5 ಇಂಚಿನ ತೋಪುಗಳು, ಟಾರ್ಪಿಡೊಗಳು. ಬೆಂಗಾಲ್‌ನ ಮುಖ್ಯ ತೋಪು ಒಂದೇ, ಅದೂ 3 ಇಂಚಿನದು. ಇರಬೇಕಿದ್ದ 4 ಇಂಚಿನ ತೋಪನ್ನು ಅಳವಡಿಸಿರಲೇ ಇಲ್ಲ.

★ ಕ್ಯಾಪ್ಟನ್ ವಿಲಿಯಂ ಜೋಸೆಫ್ ವಿಲ್ಸನ್, ಒಂಡಿನಾಕ್ಕೆ ಪಾರಾಗಲು ಹೇಳಿ, ತಮ್ಮ ಹಡಗನ್ನು ನೇರ ಶತ್ರುವಿನತ್ತ ತಿರುಗಿಸಿದರು. ಒಂಡಿನಾ ಮಾತ್ರ ಓಡಲಿಲ್ಲ; ತನ್ನಲ್ಲಿದ್ದ ಒಂದೇ 4 ಇಂಚಿನ ತೋಪಿನಿಂದ ತಾನೂ ಗುಂಡು ಹಾರಿಸತೊಡಗಿತು. ಅದರಲ್ಲಿದ್ದದ್ದು ಬರೀ 32 ಗುಂಡು!

★ ಗುಂಡೊಂದು ಹೊಕೊಕು ಮಾರುವಿನ ಟಾರ್ಪಿಡೊಗಳಿಗೇ ತಗಲಿತು. ಭಾರೀ ಸ್ಫೋಟ, ಹಡಗು ಮುಳುಗಿತು. ಗುರಿ ಯಾರದು ಎಂಬ ಚರ್ಚೆಯಲ್ಲಿ ಹೆಚ್ಚಿನ ಇತಿಹಾಸಕಾರರ ಒಲವು ಒಂಡಿನಾದ ಗನ್ನರ್‌ಗಳತ್ತ.

★ ಏಟು ತಿಂದು, ಗುಂಡುಗಳು ಮುಗಿಯುತ್ತ ಬಂದಾಗ ಬೆಂಗಾಲ್ ಹಿಂದೆ ಸರಿದು ಡಿಯಾಗೊ ಗಾರ್ಸಿಯಾ ತಲುಪಿತು.

★ ಒಂಡಿನಾದ ಕ್ಯಾಪ್ಟನ್ ವಿಲಂ ಹೋರ್ಸ್‌ಮನ್ ಹತರಾದರು. ಎರಡು ಟಾರ್ಪಿಡೊ ಬಡಿದರೂ ಹಡಗು ಮುಳುಗಲಿಲ್ಲ. ಕಾರಣ, ತೈಲದ ಟ್ಯಾಂಕ್‌ಗಳು ಖಾಲಿ ಇದ್ದವು! ದೋಣಿಗಿಳಿದಿದ್ದ ನಾವಿಕರು ಮತ್ತೆ ಹಡಗು ಹತ್ತಿ, ಬೆಂಕಿ ನಂದಿಸಿ, ಫ್ರೀಮ್ಯಾಂಟಲ್ ಬಂದರಿಗೆ ಮರಳಿದರು.

★ ಅಂದು ಉಳಿದ ಐಕೊಕು ಮಾರು 1944ರ ಫೆಬ್ರುವರಿಯಲ್ಲಿ ಟ್ರುಕ್‌ನಲ್ಲಿ ಅಮೆರಿಕದ ವಿಮಾನ ದಾಳಿಗೆ ಸಿಕ್ಕಿ ಮುಳುಗಿತು.

★ ಬೆಂಗಾಲ್ ಸ್ವಾತಂತ್ರ್ಯದ ನಂತರವೂ ಭಾರತದ ನೌಕಾಪಡೆಯಲ್ಲಿ ದುಡಿಯಿತು. ಗೆಲುವಿನ ಗುಂಡು ಯಾರದೇ ಇರಲಿ, ಕಾವಲು ಹಡಗಿನ ಕೆಲಸ ಕಾಯುವುದು. ಬೆಂಗಾಲ್ ಆ ಕೆಲಸದಲ್ಲಿ ಹಿಂಜರಿಯಲಿಲ್ಲ.