ದೋಣಿ ಹತ್ತುವ ಮುನ್ನ, ದಡದಲ್ಲಿ

ಮಕ್ಕಳೊಂದಿಗೆ ದೋಣಿ ಹತ್ತುವ ಕುಟುಂಬದ ಸುರಕ್ಷತೆ ಬಹುಪಾಲು ದಡದಲ್ಲೇ ತೀರ್ಮಾನವಾಗುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಯಂತ್ರದೋಣಿಯಿರಲಿ, ಹೊನ್ನಾವರದ ಕಾಂಡ್ಲಾವನದ ನಡುವೆ ಸಾಗುವ ದೋಣಿಯಿರಲಿ, ಹಂಪಿಯ ತುಂಗಭದ್ರೆಯ ತೆಪ್ಪವೇ ಇರಲಿ, ಎಷ್ಟು ಜನ ಹತ್ತಿದ್ದಾರೆ, ಎಲ್ಲರಿಗೂ ಜಾಕೆಟ್ ಸಿಕ್ಕಿದೆಯೇ, ಗಾಳಿ ಹೇಗಿದೆ ಎಂದು ನೋಡಿ ಬೇಡವೆನಿಸಿದರೆ ಹಿಂದೆ ಸರಿಯಲು ಅವಕಾಶವಿರುವುದು ಅಲ್ಲಿ ಮಾತ್ರ. ನಡುನೀರಿನಲ್ಲಿ ಇಳಿದು ಹೋಗಲು ಬರುವುದಿಲ್ಲ.

ಮೊದಲ ಲೆಕ್ಕ ತಲೆಗಳದು. 2019ರ ಜನವರಿ 21ರಂದು ಕಾರವಾರದ ಬಳಿ, ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಮಕ್ಕಳೂ ಸೇರಿ 16 ಮಂದಿ ತೀರಿಕೊಂಡರು. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತಾಗಲೂ ಕಥೆ ಅದೇ: ಹಿಡಿಸುವುದಕ್ಕಿಂತ ಹೆಚ್ಚು ಜನ, ಹಲವರ ಮೈಮೇಲೆ ಜಾಕೆಟ್ ಇಲ್ಲ. ‘ಚಿಕ್ಕವನು, ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ’ ಎಂಬ ಮಾತು ಟಿಕೆಟ್ಟಿನ ಮಟ್ಟಿಗೆ ಸರಿಯಿರಬಹುದು. ದೋಣಿಯ ಲೆಕ್ಕದಲ್ಲಿ ಕಂಕುಳ ಕೂಸೂ ಒಂದು ತಲೆಯೇ, ಅದಕ್ಕೂ ಒಂದು ಜಾಕೆಟ್ ಬೇಕು.

ಹತ್ತಿದವರ ಸಂಖ್ಯೆಯಷ್ಟೇ ಅವರು ಕೂರುವ ರೀತಿಯೂ ಮುಖ್ಯ. ಜನ ಎದ್ದು ನಿಂತಷ್ಟೂ ದೋಣಿಯ ಭಾರ ಮೇಲೇರುತ್ತದೆ, ಒಂದೇ ಮಗ್ಗುಲಿಗೆ ಸೇರಿದರೆ ಅತ್ತ ವಾಲುತ್ತದೆ. 2009ರಲ್ಲಿ ತೇಕ್ಕಡಿಯ ಸರೋವರದಲ್ಲಿ 45 ಜನರನ್ನು ಬಲಿ ತೆಗೆದುಕೊಂಡ ದೋಣಿ ಮಗುಚಿದ್ದು, ದಡದ ಕಾಡುಪ್ರಾಣಿಗಳನ್ನು ನೋಡಲು ಪ್ರಯಾಣಿಕರು ಒಂದೇ ಕಡೆಗೆ ಸರಿದಾಗ. ‘ಅಲ್ಲಿ ನೋಡು, ಮೊಸಳೆ!’ ಎಂದಾಗ ಮಕ್ಕಳು ಎದ್ದೇಳುವುದು ಸಹಜ. ಏನೇ ಕಂಡರೂ ಕೂತಲ್ಲೇ ಕತ್ತು ತಿರುಗಿಸಿ ನೋಡಬೇಕೆಂದು ಮೊದಲೇ ಹೇಳಿಕೊಟ್ಟಿರಬೇಕು.

ಲೈಫ್ ಜಾಕೆಟ್ ಹಾಕಿಸುವುದರಲ್ಲೇ ಹೆಚ್ಚಿನ ತಪ್ಪುಗಳು ನಡೆಯುತ್ತವೆ. ದೊಡ್ಡವರ ಜಾಕೆಟ್ಟನ್ನು ಮಗುವಿಗೆ ತೊಡಿಸಿ ದಾರ ಬಿಗಿದರೆ ಸಾಕೆಂದುಕೊಳ್ಳುವವರೇ ಹೆಚ್ಚು. ಮಗು ನೀರಿಗೆ ಬಿದ್ದಾಗ ಅಂಥ ಜಾಕೆಟ್ ಮೇಲಕ್ಕೇಳುತ್ತದೆ, ಮಗು ಅದರೊಳಗಿಂದ ಕೆಳಕ್ಕೆ ಜಾರುತ್ತದೆ. ಜಾಕೆಟ್ಟನ್ನು ಆರಿಸಬೇಕಾದ್ದು ವಯಸ್ಸು ನೋಡಿ ಅಲ್ಲ, ತೂಕ ನೋಡಿ; ಎಷ್ಟು ಕಿಲೋ ತೂಕದವರಿಗೆ ಎಂಬುದು ಒಳಗಿನ ಚೀಟಿಯಲ್ಲಿ ಇರುತ್ತದೆ. ಎಲ್ಲ ಕೊಂಡಿಗಳನ್ನೂ ಹಾಕಿದ ಮೇಲೆ ಹೆಗಲ ಮೇಲಿನ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಬೇಕು. ಜಾಕೆಟ್ ಗಲ್ಲ, ಕಿವಿಗಳವರೆಗೆ ಏರಿ ಬಂದರೆ ಅದು ಆ ಮಗುವಿನದಲ್ಲ. ಪುಟ್ಟ ಮಕ್ಕಳಿಗೆ ಕಾಲುಗಳ ನಡುವಿನಿಂದ ಬಿಗಿಯುವ ಪಟ್ಟಿಯೂ, ತಲೆಯನ್ನು ನೀರಿನ ಮೇಲೆ ಹಿಡಿಯುವ ಕಾಲರೂ ಬೇಕು, ಏಕೆಂದರೆ ಮೈಗೆ ಹೋಲಿಸಿದರೆ ಅವರ ತಲೆಯೇ ಭಾರ. ಗಾಳಿ ತುಂಬಿದ ತೋಳುಪಟ್ಟಿ, ಟ್ಯೂಬುಗಳು ಆಟಿಕೆಗಳೇ ಹೊರತು ರಕ್ಷಣೆಯಲ್ಲ. ಅಳತೆಗೆ ಸರಿಯಾದದ್ದು ಸಿಗದಷ್ಟು ಸಣ್ಣ ಕೂಸಾದರೆ ಅದರೊಂದಿಗೆ ಒಬ್ಬರು ದಡದಲ್ಲೇ ಉಳಿಯುವುದು ಮೇಲು. ಫೋಟೊ ಚೆನ್ನಾಗಿ ಬರುವುದಿಲ್ಲವೆಂದು ನಡುನೀರಿನಲ್ಲಿ ಜಾಕೆಟ್ ಬಿಚ್ಚುವ ಅಪ್ಪಂದಿರನ್ನು ನೋಡಿದ ಮಕ್ಕಳು ತಾವೂ ಬಿಚ್ಚುತ್ತಾರೆ.

ಹೆದರಿದ ತಾಯಂದಿರು ಮಗುವನ್ನು ಸೆರಗಿನಿಂದ ತಮಗೇ ಕಟ್ಟಿಕೊಳ್ಳುವುದುಂಟು. ದೋಣಿ ಮಗುಚಿದರೆ ಆ ಗಂಟು ಇಬ್ಬರನ್ನೂ ಸಿಕ್ಕಿಸುತ್ತದೆ. ದೋಣಿಗೆ ಕಟ್ಟುವುದಂತೂ ಇನ್ನೂ ಅಪಾಯ. ಒಂದು ಮಗುವಿಗೆ ಒಬ್ಬ ಹಿರಿಯರು ಎಂದು ಹೆಸರು ಹಿಡಿದು ಹೊಣೆ ಹಂಚುವುದು ಸರಿ. ‘ಎಲ್ಲರೂ ನೋಡ್ತಾ ಇದ್ದಾರಲ್ಲ’ ಎಂದುಕೊಂಡಾಗ ಯಾರೂ ನೋಡುತ್ತಿರುವುದಿಲ್ಲ. ತೆಪ್ಪದಲ್ಲಿ ಎಲ್ಲರೂ ತಳದಲ್ಲೇ ಕೂರಬೇಕು. ಗಿರಗಿರನೆ ತಿರುಗಿಸಿ ಖುಷಿಪಡಿಸುವ ಅಂಬಿಗನಿಗೆ ಮಕ್ಕಳಿದ್ದಾರೆ, ಬೇಡ ಎಂದು ಮೊದಲೇ ಹೇಳಬಹುದು. ಯಂತ್ರದೋಣಿಯ ಮೂತಿಯಲ್ಲಿ ಕಾಲು ಇಳಿಬಿಟ್ಟು ಕೂತವರು ಜಾರಿದರೆ ದೋಣಿ ಅವರ ಮೇಲೆಯೇ ಹಾದು, ಅವರು ಹಿಂದಿನ ಪಂಖಕ್ಕೆ ಸಿಕ್ಕುವ ಸಂಭವವಿದೆ.

ಕರಾವಳಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬಲಿಯುವುದರಿಂದ ಬೆಳಗಿನ ಸವಾರಿ ಮಕ್ಕಳಿಗೆ ಒಳ್ಳೆಯದು. ಅಳಿವೆಯ ಬಾಯಿಯಲ್ಲಿ ಒಳಗಿನ ನೀರು ಶಾಂತವಿದ್ದರೂ ಅಲೆ ಏಳುತ್ತದೆ. ಅಣೆಕಟ್ಟೆಯ ಕೆಳಗಿನ ಹೊಳೆಗಳಲ್ಲಿ ಮೇಲೆ ಮಳೆಯಾಗಿ ನೀರು ಬಿಟ್ಟರೆ, ಕೆಳಗೆ ಬಿಸಿಲಿದ್ದಾಗಲೂ ಹರಿವು ಹಠಾತ್ತಾಗಿ ಏರಬಹುದು. ಟೋಪಿ, ಕುಡಿಯುವ ನೀರು, ಹಗುರ ತಿಂಡಿ ಇರಲಿ. ವಾಂತಿ ಬರುವ ಮಗುವನ್ನು ದೋಣಿಯ ನಡುವೆ ಕೂರಿಸಿ ದೂರದ ದಡ ನೋಡಲು ಹೇಳಿದರೆ ತುಸು ಹಿತ.

ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೈಬೀಸಿ ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬಂದಷ್ಟು ಹೊತ್ತೂ ಉಸಿರಿಗೇ ಸಾಲದಿರುವಾಗ ಕೂಗು ಎಲ್ಲಿಂದ ಬರಬೇಕು? ಹೆಚ್ಚೆಂದರೆ ಒಂದು ನಿಮಿಷದೊಳಗೆ ಸದ್ದಿಲ್ಲದೆ ಕೆಳಗಿಳಿದುಬಿಡಬಹುದು. ಬಿದ್ದದ್ದು ಕಂಡ ಕೂಡಲೇ ಒಬ್ಬರು ಕಣ್ಣು ತೆಗೆಯದೆ ಆ ಜಾಗಕ್ಕೇ ಬೆರಳು ತೋರಿಸುತ್ತಿರಬೇಕು, ಎಂಜಿನ್ ನಿಲ್ಲಿಸಲು ಹೇಳಬೇಕು. ಹುಟ್ಟು ಚಾಚಬಹುದು, ಹಗ್ಗ ಕಟ್ಟಿದ ಖಾಲಿ ಕ್ಯಾನನ್ನೋ ಉಳಿದ ಜಾಕೆಟ್ಟನ್ನೋ ಎಸೆಯಬಹುದು. ಈಜು ಬಾರದ ತಂದೆ ಹಾರಿದರೆ ಎತ್ತಬೇಕಾದವರು ಇಬ್ಬರಾಗುತ್ತಾರೆ. ದೋಣಿಯೇ ಮಗುಚಿದರೆ, ತೇಲುತ್ತಿರುವಷ್ಟು ಹೊತ್ತು ಅದನ್ನೇ ಹಿಡಿದುಕೊಂಡಿರಬೇಕು. ದಡ ಕಣ್ಣಿಗೆ ಕಾಣುವುದಕ್ಕಿಂತ ದೂರವಿರುತ್ತದೆ.

ಮೇಲೆತ್ತಿದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವ, ಹೊಟ್ಟೆ ಒತ್ತಿ ನೀರು ಕಕ್ಕಿಸುವ ಹಳೆಯ ಪದ್ಧತಿಯಿಂದ ಅಮೂಲ್ಯ ಸಮಯ ಹಾಳು. ಕಕ್ಕಿದ್ದು ಶ್ವಾಸಕೋಶಕ್ಕೂ ಇಳಿಯಬಹುದು. ಮಗು ಉಸಿರಾಡದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಆಮೇಲೆ ಎದೆ ಒತ್ತಬೇಕು: 30 ಒತ್ತಿಗೆ 2 ಉಸಿರಿನಂತೆ. ಜೊತೆಯಲ್ಲಿರುವವರು 108 ಅಥವಾ 112ಕ್ಕೆ ಕರೆ ಮಾಡಬೇಕು. ನೀರು ಕುಡಿದ ಮಗು ಎದ್ದು ಕೂತು ಮಾತಾಡಿದರೂ, ಮುಂದಿನ ಕೆಲವು ಗಂಟೆಗಳಲ್ಲಿ ಬಿಡದ ಕೆಮ್ಮು, ಏದುಸಿರು, ಅತಿಯಾದ ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.